ಒಪ್ಪಿಸಲು ಏನೂ ಉಳಿಯದ ಮೇಜು

ಕೆಂಗಲ್ಲೂರು, ಮಲಪ್ರಭೆಯ ದಂಡೆ.
ಹೊಳೆ ಮರಳಿದ ಎಂಬತ್ತಾರನೆಯ ವರ್ಷ, ಎರಡನೆಯ ಬೇಸಿಗೆ, ಎಳ್ಳುಪಾಳಿಯ ಕೊನೆಯ ದಿನ.

ಕಚೇರಿ ಕೆಲಸ ಕಲಿಯಲು ಹೆಸರು ಹಚ್ಚಿರುವ ಹಿಂದಿನ ಕಾಲದ ಗೆಳತಿಯರಿಗೆ, ಗೆಳೆಯರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲಿಯೂ ಸಿಗುವುದಿಲ್ಲ. ನಮ್ಮ ಹೊಳೆ ಒಮ್ಮೆ ಪೂರ್ತಿ ಬತ್ತಿ, ಎರಡು ತಲೆಮಾರು ಮರಳಾಗಿ ಮಲಗಿ, ಬಳಿಕ ಮರಳಿ ಹರಿಯಿತು. ಅಂದಿನಿಂದ ನಾವು ವರ್ಷಗಳನ್ನು ಎಣಿಸುತ್ತೇವೆ. ನಮ್ಮ ವರ್ಷದಲ್ಲಿ ಎರಡು ಬೇಸಿಗೆಗಳಿವೆ, ನಡುವೆ ಸ್ವಲ್ಪ ಮಳೆ. ತಿಂಗಳು ಎಂಬ ಮಾತನ್ನು ನಾವು ಹೆಚ್ಚು ಬಳಸುವುದಿಲ್ಲ. ಒಂದು ಅಮಾವಾಸ್ಯೆಯಿಂದ ಮತ್ತೊಂದು ಅಮಾವಾಸ್ಯೆಯವರೆಗಿನ ಅವಧಿಗೆ ಪಾಳಿ ಎನ್ನುತ್ತೇವೆ. ಪ್ರತಿ ಪಾಳಿಗೂ ಒಂದು ಕಾಳಿನ ಹೆಸರು. ಈ ಪದಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಕ್ಷಮೆ ಪದಗಳಿಗೆ ಮಾತ್ರ. ಮುಂದೆ ಬರುವ ಅನುಮಾನಗಳಿಗೆ ನಾನು ಕ್ಷಮೆ ಕೇಳುವವಳಲ್ಲ.

ನಾನು ನೀಲಾಂಬಿಕೆ, ಕೆಂಗಲ್ಲೂರಿನ ಕಚೇರಿಶಾಲೆಯ ಈ ವರ್ಷದ ಮೊದಲ ಸ್ಥಾನದ ವಿದ್ಯಾರ್ಥಿನಿ. ಈ ಸ್ಥಾನದ ಬಗ್ಗೆ ಒಂದು ವಿವಾದವಿದೆ, ಅದನ್ನು ತಕ್ಕ ಜಾಗದಲ್ಲಿ ಹೇಳುತ್ತೇನೆ. ನನ್ನ ಅಂಕಗಳ ಬಗ್ಗೆ ಯಾವ ವಿವಾದವೂ ಇಲ್ಲ. ಮೊದಲ ಸ್ಥಾನ ಪಡೆದವರು ಒಂದು ಹಿಂಬರಹ ಬರೆಯಬೇಕೆಂಬುದು ನಮ್ಮ ಶಾಲೆಯ ಪದ್ಧತಿ. ಹಿಂಬರಹವೆಂದರೆ ನಿಮ್ಮ ಕಾಲಕ್ಕೆ ಬರೆಯುವ ಕೃತಜ್ಞತೆಯ ಪತ್ರ. ಕಚೇರಿ ಕೆಲಸ ಹುಟ್ಟಿನಿಂದ ಬರುವುದಲ್ಲ, ಯಾರು ಬೇಕಾದರೂ ಕೂತು ಕಲಿಯಬಹುದು ಎಂದು ಮೊದಲು ತೋರಿಸಿದವರು ನೀವು ಎಂಬ ನಂಬಿಕೆಯಿಂದ ಇದು ನಡೆದು ಬಂದಿದೆ. ಹಿಂದಿನವರ ಹಿಂಬರಹಗಳನ್ನೆಲ್ಲ ನಾನು ಓದಿದ್ದೇನೆ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಯಾರೊಬ್ಬರೂ ನಿಮ್ಮನ್ನು ಒಂದೇ ಒಂದು ಪ್ರಶ್ನೆ ಕೇಳಿಲ್ಲ. ಅಷ್ಟು ಜನ ಬುದ್ಧಿವಂತರಿಗೆ ಒಂದು ಪ್ರಶ್ನೆಯೂ ಹುಟ್ಟಲಿಲ್ಲವೆಂದರೆ ನನಗೆ ಅಲ್ಲಿಯೇ ಅನುಮಾನ ಬರುತ್ತದೆ.

ಅನುಮಾನ ನಮ್ಮಲ್ಲಿ ಒಂದು ಪಠ್ಯವಿಷಯ. ನಮ್ಮ ಶಾಲೆ ಕೆಂಪು ಕಲ್ಲಿನ ಗುಡ್ಡವನ್ನು ಕೊರೆದು ಮಾಡಿದ ತಂಪುಮನೆಯೊಳಗಿದೆ. ಬೆಳಕು ಹರಿಯುವ ಮುನ್ನ ಹಗ್ಗಬಂಡಿಯಲ್ಲಿ ಹೊಳೆ ದಾಟಿ ಬರುತ್ತೇವೆ. ಹಗ್ಗಬಂಡಿಯೆಂದರೆ ಎರಡು ದಂಡೆಗಳ ನಡುವೆ ತಂತಿಯ ಮೇಲೆ ತೂಗುತ್ತ ಸಾಗುವ ಡಬ್ಬಿ. ಬಿಸಿಲು ಗುಡ್ಡದ ನೆತ್ತಿಗೇರುವ ಹೊತ್ತಿಗೆ ಪಾಠ ಮುಗಿದಿರುತ್ತದೆ. ಮೊದಲ ಪಾಠ ಬಾಗಿಲಮಾತು, ಒಳಗೆ ಬಂದವರಿಗೆ ಆಡುವ ಮೊದಲ ಮಾತು. ಎರಡನೆಯದು ಕಿವಿಪಾಠ, ಬಂದವರು ಹೇಳಿದ್ದನ್ನು ಏನೂ ಕೂಡಿಸದೆ, ಏನೂ ಕಳೆಯದೆ ತಿರುಗಿ ಹೇಳುವುದು. ನಡುವೆ ಸಜ್ಜೆರೊಟ್ಟಿ, ಶೇಂಗಾ ಚಟ್ನಿ, ತಣ್ಣನೆಯ ಮಜ್ಜಿಗೆ. ಕೊನೆಯದು ಶಂಕಾಪಾಠ. ನಮ್ಮ ಮುಖ್ಯ ಶಿಕ್ಷಕಿ ಇಂದುಮತಿಬಾಯಿಯವರು ಸಲೀಸಾಗಿ ಒಂದು ಸಂಗತಿ ಹೇಳುತ್ತಾರೆ, ಅದರಲ್ಲಿ ಸುಳ್ಳು ಎಲ್ಲಿದೆ ಎಂದು ನಾವು ಹಿಡಿಯಬೇಕು. ಒಮ್ಮೆ ಅವರು ಒಂದೂ ಸುಳ್ಳಿಲ್ಲದ ಸಂಗತಿ ಹೇಳಿದರು. ತರಗತಿಯೆಲ್ಲ ಸುಳ್ಳು ಹುಡುಕುತ್ತ ಒದ್ದಾಡಿತು. ಇದರಲ್ಲಿ ಸುಳ್ಳಿಲ್ಲ, ಆದರೆ ಇದನ್ನು ಇವತ್ತೇ ಏಕೆ ಹೇಳಿದಿರಿ ಎಂಬುದು ನನ್ನ ಅನುಮಾನ ಎಂದು ನಾನೊಬ್ಬಳೇ ಎದ್ದು ನಿಂತು ಹೇಳಿದೆ. ಬಾಯಿಯವರು ನಕ್ಕು, "ಈಕೀನ್ನ ಮದುವಿ ಆಗಾಂವ ಯಾವ ಪುಣ್ಯಾತ್ಮನೋ" ಎಂದರು. ಆ ದಿನ ಪೂರ್ಣ ಅಂಕ ಬಂದದ್ದು ನನಗೆ ಮಾತ್ರ.

ಈಗ ನಮ್ಮ ಕಚೇರಿಗಳ ಮುಖ್ಯ ಪದ್ಧತಿಯನ್ನು ಹೇಳಬೇಕು. ನಿಮ್ಮ ಕಾಲದ ನಂತರ ಯಾವಾಗಲೋ ಒಂದೊಂದು ಮೇಜಿಗೂ ಒಬ್ಬೊಬ್ಬ ಒಡೆಯ ಹುಟ್ಟಿಕೊಂಡಿದ್ದನಂತೆ. ಅವನು ನಕ್ಕರೆ ಕೆಲಸ ಆಗುವುದು, ಮುಖ ಗಂಟಿಕ್ಕಿದರೆ ಆಗದಿರುವುದು. ಜನ ಬೇಸತ್ತು ಮೇಜುಗಳನ್ನೆಲ್ಲ ಬೀದಿಗೆ ಎಳೆದು ತಂದರು ಎಂದು ನಮ್ಮ ಚರಿತ್ರೆ ಹೇಳುತ್ತದೆ. ಅಂದಿನಿಂದ ಯಾರೂ ಒಂದು ಮೇಜಿನಲ್ಲಿ ಒಂದು ಪಾಳಿಗಿಂತ ಹೆಚ್ಚು ಕೂರುವಂತಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರೂ ಎದ್ದು ಪಕ್ಕದ ಮೇಜಿಗೆ ಸರಿಯುತ್ತಾರೆ. ಸರಿಯುವ ಮುನ್ನ, ಆ ಮೇಜಿನ ಮೇಲೆ ಬಾಕಿ ಇರುವ ಪ್ರತಿಯೊಂದು ಸಂಗತಿಯನ್ನೂ ಹೊಸಬರ ಎದುರು ನಿಂತು ಬಾಯಿಮಾತಿನಲ್ಲಿ ಹೇಳಬೇಕು. ಇದೇ ಒಪ್ಪಿಸುಮಾತು. ನಮ್ಮ ಇಡೀ ವಿದ್ಯೆಯ ಶಿಖರ ಇದು. ಪಡೆದದ್ದನ್ನೆಲ್ಲ ಚಾಚೂ ತಪ್ಪದೆ ಒಪ್ಪಿಸಿದವರಿಗೆ ಪೂರ್ಣ ಅಂಕ. ಪಡೆದವುಗಳಲ್ಲಿ ಒಂದು ಒಪ್ಪಿಸುವಾಗ ಕಾಣದಿದ್ದರೂ ಅಂಕ ಕಡಿತ. ಶಾಲೆಯ ಕೊನೆಯ ಪರೀಕ್ಷೆಯೂ ಅದೇ. ಒಂದು ನಿಜವಾದ ಕಚೇರಿಯಲ್ಲಿ ಒಂದು ಪಾಳಿ ಕೂತು, ಪಾಳಿಯ ಕೊನೆಗೆ ಇಂದುಮತಿಬಾಯಿಯವರ ಎದುರಿನಲ್ಲಿ ಮೇಜು ಒಪ್ಪಿಸಬೇಕು. ಅದರ ಮೇಲೆ ನಮ್ಮ ಸ್ಥಾನ, ಸ್ಥಾನದ ಮೇಲೆ ನಮಗೆ ಸಿಗುವ ನೇಮಕ.

ನನಗೆ ಬಂದದ್ದು ಕಸುಬುದಾರರ ಕಚೇರಿಯ ಪರವಾನಗಿ ಮೇಜು. ನನಗೆ ಅದನ್ನು ಒಪ್ಪಿಸಿದವರು ರಾಚಯ್ಯನವರು, ಹಿರಿಯರು, ಒಪ್ಪಿಸುಮಾತಿನಲ್ಲಿ ಊರಿಗೇ ಹೆಸರಾದವರು. ಸಣ್ಣಪುಟ್ಟ ಸಂಗತಿಗಳನ್ನು ಬೇಗ ಮುಗಿಸಿ ಅವರು ಗಂಟಲು ಸರಿಪಡಿಸಿಕೊಂಡರು. ಅಕ್ಕಪಕ್ಕದ ಮೇಜಿನವರು ತಮ್ಮ ಕೆಲಸ ಬಿಟ್ಟು ಎದ್ದು ಬಂದು ಸುತ್ತ ನಿಂತರು. ಯಾರೋ, "ಫಕೀರವ್ವಂದು ಬಂತು, ಸುಮ್ಮನಿರ್ರಿ" ಎಂದರು.

ಫಕೀರವ್ವ ಕೌದಿ ಹೊಲಿಯುವವರು. ನಮ್ಮ ಬೇಸಿಗೆಗಳಲ್ಲಿ ಮನೆಯೊಳಗೆ ಉಸಿರಾಡಬೇಕೆಂದರೆ ತಂಪುಗೌದಿ ಬೇಕು. ಹಳೆಯ ಬಟ್ಟೆಗಳನ್ನು ಅಂಟಿನ ಗಂಜಿಯಲ್ಲಿ ಕುದಿಸಿ, ಪದರು ಪದರಾಗಿ ಹೊಲಿದು, ನೀರು ಕುಡಿಸಿ ಕಿಟಕಿಗೆ ತೂಗುಹಾಕುವ ದಪ್ಪ ಹೊದಿಕೆ ಅದು. ಕುದಿಸುವ ಒಲೆಯ ಹೊಗೆ ಪಕ್ಕದವರ ಅಂಗಳಕ್ಕೆ ಹೋಗುತ್ತದೆ ಎಂಬ ದೂರಿನ ಮೇಲೆ ಕಚೇರಿ ಅವರ ಹೊಲಿಗೆಮನೆಗೆ ಕೀಲಿ ಹಾಕಿತ್ತು. ಹೊಗೆಗೂಡನ್ನು ಎತ್ತರಿಸಿದರೆ ಕೀಲಿ ತೆಗೆಯಲಾಗುವುದು ಎಂದು ಹೇಳಿತ್ತು. ಫಕೀರವ್ವ ಅದೇ ಬೇಸಿಗೆಯಲ್ಲಿ ಹೊಗೆಗೂಡನ್ನು ಎತ್ತರಿಸಿದರು. ಆಮೇಲೆ ಎಷ್ಟೋ ಪಾಳಿಗಳು ಕಳೆದರೂ ಕೀಲಿ ಹಾಗೆಯೇ ಇತ್ತು. ರಾಚಯ್ಯನವರು ಇದನ್ನೆಲ್ಲ ಹೇಳುವಾಗ ಅವರ ಧ್ವನಿ ಏರಿತು, ಇಳಿಯಿತು. ಕೆಲಸ ಕಳೆದುಕೊಂಡು ಬೇರೆ ಬೇರೆ ಊರುಗಳಿಗೆ ಹೋದ ಹೊಲಿಗೆಯ ಹೆಂಗಸರ ಹೆಸರುಗಳನ್ನು ಒಂದನ್ನೂ ಬಿಡದೆ ಹೇಳಿದರು. ಕೇಳುತ್ತಿದ್ದವರಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಕೊನೆಗೆ, ಎರಡನೆಯ ಬೇಸಿಗೆ ಏರುವ ಮೊದಲು ಒಲೆ ಹೊತ್ತದಿದ್ದರೆ ಈ ವರ್ಷ ಆಕೆಯ ಪರವಾನಗಿಯೇ ಸಾಯುತ್ತದೆ ಎಂದು ಹೇಳಿ, ಮೇಜಿನ ಖಾನೆಯಿಂದ ಕೀಲಿಕೈಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಅದು ಫಳಫಳ ಹೊಳೆಯುತ್ತಿತ್ತು. ಪ್ರತಿ ಅಮಾವಾಸ್ಯೆಗೂ ಒಬ್ಬರು ಅದನ್ನು ಒರೆಸಿ ಮತ್ತೊಬ್ಬರಿಗೆ ಕೊಟ್ಟಿದ್ದರು. ಎಲ್ಲರೂ ರಾಚಯ್ಯನವರನ್ನು ಮೆಚ್ಚಿ ಚಪ್ಪಾಳೆ ತಟ್ಟಿದರು. ಒಂದು ಬಾಕಿ ಕೆಲಸ ಇಷ್ಟು ಚೆಂದ ಇರಬಾರದು ಎಂದು ನನಗೆ ಆಗಲೇ ಅನಿಸಿತು.

ಎರಡು ದಿನಗಳಲ್ಲಿ ಫಕೀರವ್ವ ತಾವಾಗಿಯೇ ಬಂದರು. ನಾನು ಕಲಿತ ಬಾಗಿಲಮಾತನ್ನು ತಪ್ಪಿಲ್ಲದೆ ಹೇಳಿದೆ. ಅವರು ಕೇಳಿಸಿಕೊಳ್ಳದೆ ಕುರ್ಚಿ ಎಳೆದುಕೊಂಡು ಕುಳಿತರು.

"ಈ ಪಾಳಿ ನೀ ಏನು? ಸಣ್ಣಾಕಿ ಇದ್ದೀ. ನನ್ನ ಕತಿ ಬಾಯಿಪಾಠ ಆತೋ ಇಲ್ಲೋ?"

ಆಗಿದೆ ಎಂದೆ.

"ಹೇಳು ನೋಡೂಣು."

ನಾನು ಹೇಳಿದೆ. ಅವರು ಕಣ್ಣು ಮುಚ್ಚಿ ತಲೆದೂಗುತ್ತ ಕೇಳಿದರು. "ರಾಚಯ್ಯಾ ಛಲೋ ಹೇಳತಾನ, ಖರೆ. ಆದರ ನಮ್ಮ ಕಾಶವ್ವ ಊರು ಬಿಟ್ಟಿದ್ದು ಹೇಳೂಮುಂದ ನೀ ಸ್ವಲ್ಪ ನಿಂತಿ ನೋಡು, ಅದು ಅವನಿಗಿಂತ ಪಾಡ ಆತು" ಎಂದರು. ಬಳಿಕ ಸೆರಗು ಸರಿಪಡಿಸಿಕೊಂಡು ಎದ್ದರು. "ನನಗ ನನ್ನ ಕತಿ ಗೊತ್ತೈತವ್ವ ತಂಗಿ. ನಾ ಕೇಳಾಕ ಬಂದಿದ್ದು ಅದನ್ನಲ್ಲ."

ನನ್ನ ಅನುಮಾನಗಳು ಅಂದು ಸಾಲಾಗಿ ಎದ್ದು ನಿಂತವು. ಮೊದಲ ಅನುಮಾನ ಯಾವ ಕಾಲದ ಕಚೇರಿಯಲ್ಲಾದರೂ ಬರುವಂಥದು: ಈ ಕೀಲಿ ಹೀಗೆಯೇ ಇರುವುದರಿಂದ ಯಾರಿಗೋ ಲಾಭವಿದೆ. ದೂರು ಕೊಟ್ಟ ಪಕ್ಕದ ಮನೆಯವರನ್ನು ಹೋಗಿ ಕಂಡೆ. ಅವರು ದೂರನ್ನು ಎಂದೋ ಮರೆತಿದ್ದರು. ಫಕೀರವ್ವನ ಕೈಯ ಕೌದಿ ಇಲ್ಲದೆ ತಮ್ಮ ಕೋಣೆ ಒಲೆಯಾಗಿದೆ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಊರಿನ ಇನ್ನೊಂದು ಹೊಲಿಗೆಮನೆಗೆ ಹೋದೆ. ಬಂದ ಕೆಲಸವನ್ನೇ ಮಾಡಿ ಪೂರೈಸಲಾಗುತ್ತಿಲ್ಲ, ಆಕೆ ಬೇಗ ಶುರು ಮಾಡಿದರೆ ಸಾಕು ಎಂದು ಅವರು ಕೈ ಮುಗಿದರು. ರಾಚಯ್ಯನವರನ್ನು ನೇರವಾಗಿ ಕೇಳಿದೆ. ಅವರು ಕೋಪಗೊಳ್ಳಲಿಲ್ಲ. "ತಂಗಿ, ನಾನೂ ಮೊದಲು ಹಿಂಗ ಹುಡುಕಿದ್ನಿ. ಕಳ್ಳ ಸಿಗಲಿಲ್ಲ. ಎಲ್ಲಾರೂ ಒಳ್ಳೇವರ" ಎಂದರು. ಆ ಮಾತು ನನಗೆ ಸಮಾಧಾನ ಕೊಡಲಿಲ್ಲ. ಕಳ್ಳನಿಲ್ಲದೆ ಕಳವಾಗಿದೆಯೆಂದರೆ ಶಂಕಾಪಾಠದ ಯಾವುದೋ ಅಧ್ಯಾಯ ನಮಗೆ ಕಲಿಸದೆ ಉಳಿದಿದೆ ಎಂದೇ ಅರ್ಥ.

ಕೀಲಿ ತೆಗೆಯಲು ನಿಯಮದಲ್ಲಿ ಅಡ್ಡಿಯೇನೂ ಇರಲಿಲ್ಲ. ಪರವಾನಗಿ ಮೇಜಿನಲ್ಲಿ ಕೂತವರು ಸ್ಥಳಕ್ಕೆ ಹೋಗಿ ಹೊಗೆಗೂಡನ್ನು ನೋಡಿ, ಕಣ್ಣಾರೆ ಕಂಡೆ ಎಂದು ಕಚೇರಿಯ ಅಂಗಳದಲ್ಲಿ ನಿಂತು ತಮ್ಮ ಹೆಸರು ಹೇಳಿ ಸಾರಬೇಕು. ಆಮೇಲೆ ಕೀಲಿ ತೆಗೆಯಬಹುದು. ಆದರೆ ಹಾಗೆ ಸಾರಿದವರ ಹೆಸರು ಆ ಕೆಲಸಕ್ಕೆ ಅಂಟಿಕೊಳ್ಳುತ್ತದೆ. ಮೇಜು ಬದಲಾದರೂ ಹೆಸರು ಬದಲಾಗುವುದಿಲ್ಲ. ಮುಂದೆ ಆ ಗೂಡು ಬಿರುಕು ಬಿಟ್ಟರೆ, ಹೊಗೆ ಬಂದರೆ, ಬೆಂಕಿ ಬಿದ್ದರೆ, ಕರೆಯುವುದು ಅವರನ್ನೇ. ಯಾರೂ ಯಾವುದಕ್ಕೂ ಅಂಟಿಕೊಳ್ಳಬಾರದೆಂದೇ ಪಾಳಿಗಳನ್ನು ಕಟ್ಟಿಕೊಂಡ ನಾವು ಅಂಟು ಎಂದರೆ ಹೆದರುವಂತೆ ಬೆಳೆದಿದ್ದೇವೆ. ಪಾಳಿ ಚಿಕ್ಕದು, ಒಪ್ಪಿಸಿದರೆ ಅಂಕ, ಮುಗಿಸಿದರೆ ಅಂಟು. ಹೀಗಿರುವಾಗ ಬುದ್ಧಿಯಿರುವ ಯಾರು ಮುಗಿಸುತ್ತಾರೆ? ಜೊತೆಗೆ ನನಗೆ ಇನ್ನೊಂದು ತೊಡಕಿತ್ತು. ಫಕೀರವ್ವನ ಪ್ರಕರಣ ಮುಗಿದರೆ, ಪರೀಕ್ಷೆಯ ದಿನ ನನ್ನ ಮೇಜಿನ ಮೇಲೆ ಪಡೆದದ್ದರಲ್ಲಿ ಒಂದು ಕಾಣೆಯಾಗುತ್ತದೆ. ಅದೂ ಇಡೀ ಕಚೇರಿ ಕಿವಿ ನೆಟ್ಟು ಕಾಯುವ ಸಂಗತಿ. ಅದನ್ನು ನಾನು ಹೇಳಿದ್ದರೆ ರಾಚಯ್ಯನವರನ್ನೂ ಮೀರಿಸುತ್ತಿದ್ದೆ. ಇದು ಜಂಬವಲ್ಲ, ಫಕೀರವ್ವನವರೇ ಕೊಟ್ಟ ತೀರ್ಪು.

ಹೊಲಿಗೆಮನೆಗೆ ಹೋದೆ. ಗೂಡು ಎತ್ತರವಾಗಿ, ನೇರವಾಗಿ ನಿಂತಿತ್ತು. ಹೊರಗಿನಿಂದ ನೋಡಿದ್ದನ್ನು ನಂಬುವುದು ನನ್ನ ಸ್ವಭಾವವಲ್ಲ. ಏಣಿ ತರಿಸಿ ಹತ್ತಿ, ಗೂಡಿನ ಬಾಯಿಗೆ ಕೈ ಹಾಕಿ ಒಳಗಿನ ಗಿಲಾವನ್ನು ಮುಟ್ಟಿ ನೋಡಿದೆ. ಕೆಳಗೆ ಫಕೀರವ್ವ ಸೊಂಟಕ್ಕೆ ಕೈಕೊಟ್ಟು ನಿಂತು, "ಅದರಾಗ ಯಾರನ್ನ ಹುಡುಕತೀಯವ್ವಾ? ನನ್ನ ಗಂಡ ಹೋಗಿ ಭಾಳ ವರ್ಷ ಆತು" ಎಂದರು. ಇಳಿದು ಕಚೇರಿಯ ಅಂಗಳಕ್ಕೆ ಹೋಗಿ ನನ್ನ ಹೆಸರು ಹೇಳಿ ಕಣ್ಣಾರೆ ಕಂಡೆ ಎಂದು ಸಾರಿದೆ. ಅಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಆ ಮಾತನ್ನು ಯಾವ ರಾಗದಲ್ಲಿ ಹೇಳಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಅದನ್ನು ಅಭ್ಯಾಸ ಮಾಡಿಸಿರಲಿಲ್ಲ.

ಮತ್ತೆ ಹೊಲಿಗೆಮನೆಗೆ ಬಂದು ಕೀಲಿಕೈ ಹಾಕಿದೆ. ತಿರುಗಲಿಲ್ಲ. ಕೀಲಿಕೈ ಕನ್ನಡಿಯಂತೆ ಹೊಳೆಯುತ್ತಿತ್ತು, ಕೀಲಿಗೆ ತುಕ್ಕು ಹಿಡಿದು ಬಾಯಿಯೇ ಮುಚ್ಚಿತ್ತು. ಫಕೀರವ್ವ ಒಗ್ಗರಣೆಯ ಸೌಟಿನಲ್ಲಿ ಕುಸುಬಿ ಎಣ್ಣೆ ತಂದು ಸುರಿದರು. ಇಬ್ಬರೂ ಸೇರಿ ಜಗ್ಗಿದೆವು. ಕೀಲಿ ಬಿಟ್ಟುಕೊಂಡಾಗ ಒಳಗಿನಿಂದ ಹಳೆಯ ಬಟ್ಟೆಯ, ಇಲಿಯ, ಒಣಗಿದ ಗಂಜಿಯ ವಾಸನೆ ಬಂದಿತು. ಅರ್ಧ ಹೊಲಿದ ಕೌದಿಗಳೆಲ್ಲ ಹಾಳಾಗಿದ್ದವು. ಒಲೆ ಗಟ್ಟಿಯಾಗಿತ್ತು. ಫಕೀರವ್ವ ಒಳಗೆ ಹೋಗಿ ಒಂದು ಮೂಲೆಯ ಮಣೆಯ ಮೇಲೆ ಕುಳಿತುಬಿಟ್ಟರು. ಅದು ಕಾಶವ್ವನ ಮಣೆ ಎಂದು ಆಮೇಲೆ ಹೇಳಿದರು. ರಾಚಯ್ಯನವರ ಒಪ್ಪಿಸುಮಾತಿನಲ್ಲಿ ಆ ಮಣೆ ಇರಲಿಲ್ಲ. ಬಾಗಿಲು ತೆರೆಯದೆ ಅದು ತಿಳಿಯುವಂತೆಯೂ ಇರಲಿಲ್ಲ.

ಒಲೆ ಹೊತ್ತಿತು, ಪರವಾನಗಿ ಉಳಿಯಿತು. ಮೊದಲ ಕೌದಿಯನ್ನು ಅವರು ನನಗೆ ಕೊಡಲು ಬಂದರು. ಇದು ಲಂಚವಾಗಬಹುದು ಎಂದು ನಾನು ಹಿಂದೆ ಸರಿದೆ. "ಲಂಚ ಅಲ್ಲವ್ವಾ, ಒದ್ದಿ ಅರಬಿ" ಎಂದು ಅವರು ನಕ್ಕರು. ಬರಿಯ ಒದ್ದೆ ಬಟ್ಟೆಯೇ ಆದರೂ ನಾನು ತೆಗೆದುಕೊಳ್ಳಲಿಲ್ಲ. ಅವರು ಅದನ್ನು ಒಯ್ದು ಪಕ್ಕದ ಮನೆಯವರ ಕಿಟಕಿಗೆ ಹಾಕಿದರು.

ಅಮಾವಾಸ್ಯೆಯ ಬೆಳಿಗ್ಗೆ ನನ್ನಿಂದ ಮೇಜನ್ನು ಪಡೆಯಲು ಬಂದವಳು ದಾವಲ್‌ಬಿ, ನನ್ನ ಸಹಪಾಠಿ, ಎರಡನೆಯ ಸ್ಥಾನದವಳು, ನನ್ನ ಗೆಳತಿ. ಇಂದುಮತಿಬಾಯಿಯವರು ಪಕ್ಕದಲ್ಲಿ ಕುಳಿತಿದ್ದರು. ಕಚೇರಿಯವರೆಲ್ಲ ಸುತ್ತ ನಿಂತಿದ್ದರು. ನಾನು ಸಣ್ಣ ಸಂಗತಿಗಳನ್ನು ಒಂದೊಂದಾಗಿ ಒಪ್ಪಿಸಿ ಮುಗಿಸಿದೆ.

"ಫಕೀರವ್ವಂದು?" ದಾವಲ್‌ಬಿ ಕೇಳಿದಳು.

"ಮುಗೀತು."

"ಮುಗೀತು ಅಂದ್ರ? ಯಾರಿಗೆ ಒಪ್ಪಿಸಿದಿ?"

"ಯಾರಿಗೂ ಇಲ್ಲ. ಕೀಲಿ ತಗದೆ."

ದಾವಲ್‌ಬಿ ನನ್ನ ಕಡೆಗೆ ಬಾಗಿ ಮೆಲ್ಲಗೆ, "ನೀಲಿ, ಬಾಯಿಯವರು ಕೇಳಾಕತ್ತಾರ. ಹುಡುಗಾಟ ಬಿಡು, ಹೇಳು" ಎಂದಳು. ಅವಳು ನನ್ನನ್ನು ಉಳಿಸಲು ನೋಡುತ್ತಿದ್ದಳು. ಸುತ್ತ ನಿಂತವರಲ್ಲಿ ನಿರಾಸೆಯ ಗುಜುಗುಜು ಎದ್ದಿತು. ರಾಚಯ್ಯನವರು ಖಾಲಿ ಖಾನೆಯೊಳಗೆ ಒಮ್ಮೆ ಇಣುಕಿ ನೋಡಿ ಹೊರಗೆ ನಡೆದರು. ಇಂದುಮತಿಬಾಯಿಯವರು ನನ್ನ ಕಡೆಗೆ ತಿರುಗಿ, "ತಪ್ಪು ಮಾಡೀ ಅಂತ ಹೇಳಾಕ ಬರೂದಿಲ್ಲ. ಆದರ ಇದಕ್ಕ ಅಂಕ ಎಲ್ಲಿ ಹಚ್ಚಲಿ? ಜಾಗಾನ ಇಲ್ಲಲ್ಲ" ಎಂದರು. ಅವರ ಆ ಮಾತು ಪ್ರಾಮಾಣಿಕವಾದುದೆಂದು ನನ್ನ ನಂಬಿಕೆ. ಅವರನ್ನು ನಾನು ನಂಬಿದ್ದು ಅದೊಂದೇ ಸಲ.

ಈಗ ವಿವಾದಕ್ಕೆ ಬರುತ್ತೇನೆ. ನನಗೆ ಮೊದಲ ಸ್ಥಾನ ಕೊಡಬೇಕೇ, ಪಡೆದದ್ದನ್ನು ಒಪ್ಪಿಸದ ತಪ್ಪಿಗೆ ಕೆಳಗಿಳಿಸಬೇಕೇ ಎಂದು ನಿರ್ಧರಿಸಲು ಒಂದು ಸಮಿತಿ ರಚನೆಯಾಯಿತು. ಸಮಿತಿಯವರು ಸಜ್ಜನರು. ನನ್ನ ಸಂಗತಿಯನ್ನು ಕೂಲಂಕಷವಾಗಿ ಕೇಳಿದರು. ಅಷ್ಟರಲ್ಲಿ ಅಮಾವಾಸ್ಯೆ ಬಂದಿತು. ಹೊಸ ಸಮಿತಿಗೆ ಒಪ್ಪಿಸಿ ಎದ್ದರು. ಆ ಹೊಸಬರು ತಮ್ಮ ಮುಂದಿನವರಿಗೆ ಒಪ್ಪಿಸಿದರು. ಈಗ ನನ್ನ ಪ್ರಕರಣ ನೇಮಕದ ಮೇಜಿನ ಮೇಲಿದೆ, ಮತ್ತು ಈ ಪಾಳಿ ಆ ಮೇಜಿನಲ್ಲಿರುವವಳು ದಾವಲ್‌ಬಿ. ಅವಳು ನನ್ನ ಕತೆಯನ್ನು ಬಹಳ ಚೆನ್ನಾಗಿ ಹೇಳುತ್ತಾಳಂತೆ. ತುಕ್ಕು ಹಿಡಿದ ಕೀಲಿಯ ಭಾಗಕ್ಕೆ ಬಂದಾಗ ಅಕ್ಕಪಕ್ಕದವರು ಎದ್ದು ಬರುತ್ತಾರಂತೆ. ನಾನು ನೇಮಕವಿಲ್ಲದೆ, ಸ್ಥಾನವಿಲ್ಲದೆ, ಫಕೀರವ್ವನ ಹೊಲಿಗೆಮನೆಯ ಲೆಕ್ಕಪತ್ರ ನೋಡಿಕೊಂಡು ಕಾಲ ಕಳೆಯುತ್ತಿದ್ದೇನೆ. ಗೂಡಿಗೆ ಅಂಟಿದ ಹೆಸರು ನನ್ನದೇ ಆದ್ದರಿಂದ ದಿನವೂ ಅದನ್ನೊಮ್ಮೆ ನೋಡುವುದೂ ಆಗುತ್ತದೆ. ಸ್ಥಾನ ತೀರ್ಮಾನವಾಗುವವರೆಗೆ ಈ ವರ್ಷ ಹಿಂಬರಹ ಬರೆಯಬೇಕಾಗಿಲ್ಲ ಎಂದು ಶಾಲೆ ಹೇಳಿದೆ. ಆದ್ದರಿಂದಲೇ ಬರೆಯುತ್ತಿದ್ದೇನೆ.

ಇನ್ನು ನಿಮ್ಮ ಬಗ್ಗೆ ನನ್ನ ಅನುಮಾನ. ನಿಮ್ಮ ತರಬೇತಿಯ ವಿಷಯಗಳನ್ನು ನಮ್ಮ ಶಾಲೆಯ ಗೋಡೆಯಲ್ಲಿ ಕೆತ್ತಿದ್ದಾರೆ, ಮೊದಲ ವರ್ಷದಲ್ಲಿ ನಮ್ಮಿಂದ ಬಾಯಿಪಾಠ ಮಾಡಿಸುತ್ತಾರೆ. ಫೋನಿನಲ್ಲಿ ನಯವಾಗಿ ಮಾತಾಡುವುದು, ಬೆರಳು ನೋಡದೆ ಟೈಪ್ ಮಾಡುವುದು, ಫೈಲುಗಳನ್ನು ಜೋಡಿಸುವುದು, ಸಭೆಯ ನಡವಳಿ ಬರೆಯುವುದು, ಸಮಯ ಹೊಂದಿಸುವುದು, ಎಲ್ಲರೊಡನೆ ಹೊಂದಿಕೊಳ್ಳುವುದು. ಒಂದನ್ನೂ ನಾನು ತಳ್ಳಿಹಾಕುವುದಿಲ್ಲ. ಎಲ್ಲದರಲ್ಲೂ ನನಗೆ ಉತ್ತಮ ಅಂಕಗಳಿವೆ. ಆದರೆ ಆ ಗೋಡೆಯನ್ನು ಈಗ ಬೇರೆ ಕಣ್ಣಿನಿಂದ ಓದಿದೆ. ಎಲ್ಲವೂ ಕೆಲಸವನ್ನು ಪಡೆಯುವ, ಇಡುವ, ಕಳಿಸುವ ವಿದ್ಯೆಗಳು. ಬಂದ ಕೆಲಸ ಬಂದವರ ಕೈಗೆ ಮುಗಿದು ಹೋಗುವುದನ್ನು ಕಲಿಸುವ ಸಾಲು ಎಲ್ಲಿದೆ? ಕೆತ್ತುವವನು ಬಿಟ್ಟನೇ, ನೀವೇ ಬರೆಯಲಿಲ್ಲವೇ? ಮೇಜಿನಿಂದ ಮೇಜಿಗೆ ಹೋಗುತ್ತಿದ್ದ ಫೈಲನ್ನು ನೋಡಿ, ಪರಿಶೀಲನೆಯಲ್ಲಿದೆ ಎಂದು ನೀವು ನಗುಮುಖದಿಂದ ಹೇಳುತ್ತಿದ್ದಿರಂತೆ. ಆ ಮಾತನ್ನು ಹೇಳಲು ನಿಮಗೆ ತರಬೇತಿ ಇತ್ತೇ, ಅದು ತಾನಾಗಿಯೇ ಬಂದಿತೇ? ನಮ್ಮ ಒಪ್ಪಿಸುಮಾತು ಹುಟ್ಟಿದ್ದು ಮೇಜುಗಳನ್ನು ಬೀದಿಗೆಳೆದ ಆ ದಿನದಂದು ಎಂದು ಚರಿತ್ರೆ ಹೇಳುತ್ತದೆ. ನನಗೆ ಸಂಶಯ. ಅದು ನಿಮ್ಮ ತರಗತಿಗಳಲ್ಲಿ, ಒಬ್ಬ ಚುರುಕು ವಿದ್ಯಾರ್ಥಿನಿ ಸರಿಯಾದ ಉತ್ತರ ಹೇಳಿ ಶಹಭಾಸ್ ಅನ್ನಿಸಿಕೊಂಡ ದಿನವೇ ಹುಟ್ಟಿರಬೇಕು.

ಹಿಂದಕ್ಕೆ ಬರೆದ ಪತ್ರಗಳು ತಲುಪುವುದಿಲ್ಲ ಎಂದು ನಮ್ಮ ಶಿಕ್ಷಕರು ಹೇಳುತ್ತಾರೆ. ತಲುಪಿದರೆ ಉತ್ತರ ಬರಬಹುದೆಂಬ ಹೆದರಿಕೆಯಿಂದ ಹಾಗೆ ಹೇಳುತ್ತಾರೆಂದು ನನ್ನ ಊಹೆ. ಇದು ನಿಮ್ಮ ಕೈ ಸೇರಿದರೆ ನೀವು ಏನು ಮಾಡುವಿರೆಂದು ನನಗೆ ಗೊತ್ತಿದೆ. ಓದಿ ಮೆಚ್ಚುವಿರಿ. ಇದರಲ್ಲೊಂದು ಪಾಠವಿದೆ ಎಂದು ಪಕ್ಕದ ಬೆಂಚಿನವರಿಗೆ ಕೊಡುವಿರಿ. ಅವರು ಶಿಕ್ಷಕರಿಗೆ ಕೊಡುವರು. ಅವರು ಮುಂದಿನ ತಂಡಕ್ಕೆ ಓದಿ ಹೇಳುವರು, ಧ್ವನಿ ಏರಿಸಿ, ಇಳಿಸಿ.

ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಊರಿನಲ್ಲೂ ಎಲ್ಲೋ ಒಂದು ಬಾಗಿಲಿಗೆ ಯಾವುದೋ ಕಚೇರಿಯ ಕೀಲಿ ಬಿದ್ದಿದೆ, ಅದರ ಕೀಲಿಕೈ ಯಾವುದೋ ಮೇಜಿನ ಖಾನೆಯಲ್ಲಿ ಹೊಳೆಯುತ್ತಿದೆ. ನಾಳೆ ಆ ಮೇಜು ನಿಮ್ಮದಾಗಬಹುದು. ಪತ್ರವನ್ನು ಇಲ್ಲಿಯೇ ಮಡಚಿಟ್ಟು, ಅಡುಗೆಮನೆಯಿಂದ ಸ್ವಲ್ಪ ಎಣ್ಣೆ ತೆಗೆದುಕೊಂಡು ಹೊರಡಿ.

ನಿಮ್ಮನ್ನು ಇನ್ನೂ ನಂಬದ,
ನೀಲಾಂಬಿಕೆ
ಮೊದಲ ಸ್ಥಾನ (ಪರಿಶೀಲನೆಯಲ್ಲಿದೆ)